ಅಲರ್ಜಿ ರಕ್ತಪರೀಕ್ಷೆಯಲ್ಲಿ ಪ್ರತಿಕಾಯಗಳ ಅಡ್ಡಿ: ಗುರುತಿಸುವ ಮತ್ತು ತಗ್ಗಿಸುವ ಕ್ರಮ

ವರ್ಷದಲ್ಲಿ ಕೆಲವು ತಿಂಗಳು ಸೀನು ಮತ್ತು ಮೂಗು ಸೋರುವಿಕೆಯಿಂದ ಬಳಲುವ ವ್ಯಕ್ತಿಯೊಬ್ಬರ ಅಲರ್ಜಿ ವರದಿಯಲ್ಲಿ ಹುಲ್ಲಿನ ಪರಾಗದ ಜೊತೆಗೆ ಗೋಧಿ, ಕಡಲೆಕಾಯಿ, ಸೋಯಾ, ಟೊಮ್ಯಾಟೊ, ಲೇಟೆಕ್ಸ್ ರಬ್ಬರು ಮತ್ತು ಜೇನಿನ ವಿಷ ಇವೆಲ್ಲವೂ ಅಲ್ಪ ಪ್ರಮಾಣದ ಪಾಸಿಟಿವ್ ಎಂದು ಬಂದಿವೆ ಎಂದುಕೊಳ್ಳೋಣ. ಅವರು ದಿನವೂ ಚಪಾತಿ ತಿನ್ನುತ್ತಾರೆ, ಕಡಲೆಕಾಯಿ ಚಟ್ನಿ ಅವರಿಗೆ ಯಾವತ್ತೂ ತೊಂದರೆ ಕೊಟ್ಟಿಲ್ಲ, ರಬ್ಬರ್ ಕೈಗವಸು ಹಾಕಿಕೊಂಡು ಕೆಲಸ ಮಾಡಿದರೂ ತುರಿಕೆ ಬಂದಿಲ್ಲ. ಇಂಥ ವರದಿಯನ್ನು ಕಂಡ ಕೂಡಲೇ ಲ್ಯಾಬಿನವರು ಮಾಡುವ ಮೊದಲ ಕೆಲಸವೆಂದರೆ ಅದೇ ಸೀರಂ ಅನ್ನು, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವವನ್ನು, ಮತ್ತೊಮ್ಮೆ ಯಂತ್ರಕ್ಕೆ ಹಾಕುವುದು. ಎರಡನೆಯ ಸಲವೂ ಅವೇ ಅಂಕಿಗಳು ಬರುತ್ತವೆ, ಹಾಗಾಗಿ ವರದಿ ಸರಿಯೆಂದು ಸಹಿ ಬೀಳುತ್ತದೆ. ಪುನರಾವರ್ತನೆಯಿಂದ ಪಿಪೆಟ್ಟಿನ ತಪ್ಪು ಗೊತ್ತಾಗುತ್ತದೆಯೇ ಹೊರತು ಪ್ರತಿಕಾಯಗಳಿಂದ, ಅಂದರೆ ಪರಕೀಯ ವಸ್ತುಗಳನ್ನು ಹಿಡಿಯಲು ದೇಹ ತಯಾರಿಸುವ ಪ್ರೊಟೀನ್‌ಗಳಿಂದ, ಆಗುವ ಅಡ್ಡಿ ಗೊತ್ತಾಗುವುದಿಲ್ಲ. ಅದನ್ನು ಹಿಡಿಯಬೇಕಾದರೆ ಅದೇ ಸೀರಂ ಅನ್ನು ಬೇರೊಂದು ಸ್ಥಿತಿಯಲ್ಲಿ ಅಳೆಯಬೇಕು. ಆ ಸ್ಥಿತಿ ಯಾವುದೆಂಬುದು ಅಡ್ಡಿಯ ಬಗೆಯನ್ನು ಅವಲಂಬಿಸುತ್ತದೆ. ಒಂದು ಬಗೆಯ ಅಡ್ಡಿಯನ್ನು ಬಯಲು ಮಾಡುವ ಪರೀಕ್ಷೆ ಇನ್ನೊಂದರ ಮುಂದೆ ಕುರುಡಾಗಿರುತ್ತದೆ ಎಂಬುದನ್ನು ಈ ಬರಹದುದ್ದಕ್ಕೂ ನೆನಪಿನಲ್ಲಿಡಬೇಕು.

ಪರೀಕ್ಷೆ ನಡೆಯುವ ಬಗೆ

ಅಲರ್ಜಿ ಪ್ರತಿಕ್ರಿಯೆಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯವನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಇಶಿಜಾಕಾ ದಂಪತಿ ಮತ್ತು ಸ್ವೀಡನ್ನಿನ ಉಪ್ಸಾಲಾದಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್ ಬೇರೆಬೇರೆಯಾಗಿ ಗುರುತಿಸಿದರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಈಗಿನ ಹೆಸರನ್ನು ಒಪ್ಪಿತು. ಆಗ ಬಂದ ವಿಕಿರಣಶೀಲ ಅಯೋಡಿನ್ ಬಳಸುವ ರಾಸ್ಟ್ ವಿಧಾನದಿಂದ ಇಂದಿನ ಸ್ವಯಂಚಾಲಿತ ಯಂತ್ರಗಳವರೆಗೆ ಮೂಲ ತತ್ವ ಬದಲಾಗಿಲ್ಲ. ಗಟ್ಟಿ ಆಧಾರವೊಂದರ ಮೇಲೆ ಅಲರ್ಜಿಕಾರಕವನ್ನು ಅಂಟಿಸಿರುತ್ತಾರೆ, ಅದರ ಮೇಲೆ ರೋಗಿಯ ಸೀರಂ ಹರಿಸುತ್ತಾರೆ, ಅಂಟದೆ ಉಳಿದದ್ದನ್ನು ತೊಳೆದು ಹಾಕುತ್ತಾರೆ, ಆಮೇಲೆ ಐಜಿಇಯನ್ನು ಮಾತ್ರ ಹಿಡಿಯಬಲ್ಲ, ಕಿಣ್ವದ ಗುರುತು ಹೊತ್ತ ಪ್ರತಿಕಾಯವೊಂದನ್ನು ಸೇರಿಸಿ ಬರುವ ಬೆಳಕನ್ನೋ ಬಣ್ಣವನ್ನೋ ಅಳೆಯುತ್ತಾರೆ. ಫಲಿತಾಂಶವನ್ನು ಲೀಟರ್‌ಗೆ ಕಿಲೋ ಯೂನಿಟ್ ಲೆಕ್ಕದಲ್ಲಿ, ಅಂದರೆ ಕೆಯುಎ/ಲೀ ಎಂದು ಬರೆಯುತ್ತಾರೆ. ಒಂದು ಯೂನಿಟ್ ಎಂದರೆ ಸುಮಾರು 2.4 ನ್ಯಾನೊಗ್ರಾಂ ಐಜಿಇ. ಹಳೆಯ ರೂಢಿಯಂತೆ 0.35ಕ್ಕಿಂತ ಮೇಲಿನದನ್ನು ಪಾಸಿಟಿವ್ ಎನ್ನುತ್ತಾರೆ, ಈಗಿನ ಯಂತ್ರಗಳು 0.1ರವರೆಗೂ ಅಳೆಯುತ್ತವೆ.

ಈ ಸರಪಳಿಯಲ್ಲಿ ಅಡ್ಡಿಗೆ ಎಡೆಯಿರುವ ಜಾಗಗಳು ಮುಖ್ಯವಾಗಿ ಮೂರು. ಅಂಟಿಸಿರುವ ವಸ್ತುವಿನಲ್ಲಿ ಅಲರ್ಜಿಗೆ ಸಂಬಂಧವಿಲ್ಲದ ಭಾಗಕ್ಕೆ ಐಜಿಇ ಹಿಡಿದುಕೊಳ್ಳಬಹುದು. ಅಂಟಿಸಿರುವ ಜಾಗವನ್ನು ಐಜಿಇಯ ಬದಲು ಬೇರೆ ಪ್ರತಿಕಾಯ ಆಕ್ರಮಿಸಬಹುದು. ಗುರುತು ಹೊತ್ತ ಪ್ರತಿಕಾಯವನ್ನು ರೋಗಿಯ ರಕ್ತದಲ್ಲಿರುವ ಇನ್ನಾವುದೋ ಪ್ರತಿಕಾಯ ತಪ್ಪು ಜಾಗದಲ್ಲಿ ಹಿಡಿದು ನಿಲ್ಲಿಸಬಹುದು. ಮೊದಲನೆಯದು ಸುಳ್ಳು ಪಾಸಿಟಿವ್ ಕೊಡುತ್ತದೆ, ಎರಡನೆಯದು ಅಂಕಿಯನ್ನು ತಗ್ಗಿಸುತ್ತದೆ, ಮೂರನೆಯದು ಎರಡನ್ನೂ ಮಾಡಬಲ್ಲದು. ದಿನನಿತ್ಯದ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದು ಮೊದಲನೆಯದು.

ಸಕ್ಕರೆ ಸರಪಳಿಗೆ ಅಂಟುವ ಐಜಿಇ

ಸಸ್ಯಗಳ ಮತ್ತು ಕೀಟಗಳ ಅನೇಕ ಪ್ರೊಟೀನ್‌ಗಳ ಮೇಲೆ ಸಕ್ಕರೆಯ ಕವಲುಗಳಿರುತ್ತವೆ. ಸಸ್ಯಗಳಲ್ಲಿ ಈ ಕವಲಿನ ಬುಡದಲ್ಲಿ ಆಲ್ಫಾ-1,3 ಫ್ಯೂಕೋಸ್ ಮತ್ತು ಬೀಟಾ-1,2 ಜೈಲೋಸ್ ಎಂಬ ಎರಡು ಸಕ್ಕರೆಗಳು ಕೂತಿರುತ್ತವೆ, ಕೀಟಗಳಲ್ಲಿ ಫ್ಯೂಕೋಸ್ ಮಾತ್ರ ಇರುತ್ತದೆ. ಸಸ್ತನಿಗಳ ದೇಹ ಇವನ್ನು ತಯಾರಿಸುವುದಿಲ್ಲವಾದ್ದರಿಂದ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಇವು ಪರಕೀಯ. ಪರಾಗವನ್ನು ವರ್ಷಗಟ್ಟಲೆ ಉಸಿರಾಡಿದವರಲ್ಲಿ, ಜೇನು ಅಥವಾ ಕಣಜ ಕಚ್ಚಿದವರಲ್ಲಿ ಈ ಸಕ್ಕರೆಗಳ ವಿರುದ್ಧವೇ ಐಜಿಇ ಹುಟ್ಟುವುದುಂಟು. ಪರಾಗ ಅಲರ್ಜಿ ಇರುವವರಲ್ಲಿ ಐದರಲ್ಲೊಬ್ಬರಿಗಾದರೂ ಇದು ಇರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಹೆಚ್ಚು ಮದ್ಯ ಸೇವಿಸುವವರಲ್ಲಿಯೂ ಇದು ಹೆಚ್ಚು. ಒಂದೇ ಸಕ್ಕರೆ ಸಾವಿರಾರು ಸಸ್ಯಗಳಲ್ಲಿ ಇರುವುದರಿಂದ ಈ ಐಜಿಇ ಗೋಧಿಗೂ ಅಂಟುತ್ತದೆ, ಲೇಟೆಕ್ಸಿಗೂ ಅಂಟುತ್ತದೆ, ಗರಿಕೆಯ ಪರಾಗಕ್ಕೂ ಅಂಟುತ್ತದೆ. 1981ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಆಲ್ಬರ್ಸೆ ಮತ್ತು ಸಂಗಡಿಗರು ಮೊದಲು ವಿವರಿಸಿದ ಈ ಅಂಶಗಳನ್ನು ಅಡ್ಡ ಪ್ರತಿಕ್ರಿಯೆಯ ಕಾರ್ಬೋಹೈಡ್ರೇಟ್ ಗುರುತುಗಳು, ಚಿಕ್ಕದಾಗಿ ಸಿಸಿಡಿ, ಎಂದು ಕರೆಯುತ್ತಾರೆ.

ಈ ಐಜಿಇಗೆ ದೇಹದಲ್ಲಿ ಮಾಸ್ಟ್ ಕೋಶಗಳನ್ನು, ಅಂದರೆ ಅಲರ್ಜಿಯ ಲಕ್ಷಣ ತರುವ ರಾಸಾಯನಿಕಗಳನ್ನು ಹೊರಹಾಕುವ ಕೋಶಗಳನ್ನು, ಕೆರಳಿಸುವ ಶಕ್ತಿ ಬಹಳ ಕಡಿಮೆ. ಆದ್ದರಿಂದ ಚರ್ಮದ ಚುಚ್ಚು ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಇರುತ್ತದೆ, ರೋಗಿಗೆ ಆ ಆಹಾರದಿಂದ ತೊಂದರೆ ಇರುವುದಿಲ್ಲ, ರಕ್ತಪರೀಕ್ಷೆ ಮಾತ್ರ ಪಾಸಿಟಿವ್ ಎನ್ನುತ್ತದೆ. ಇಲ್ಲಿ ಯಂತ್ರ ತಪ್ಪು ಮಾಡಿಲ್ಲ ಎಂಬುದನ್ನು ಗಮನಿಸಬೇಕು. ನಿಜವಾದ ಐಜಿಇ ನಿಜವಾಗಿಯೇ ಅಂಟಿಕೊಂಡಿದೆ. ಆ ಕಾರಣಕ್ಕೇ ಸೀರಂ ಅನ್ನು ದುರ್ಬಲಗೊಳಿಸಿ ಅಳೆದರೆ ಅಂಕಿ ಶಿಸ್ತಾಗಿ ನೇರ ರೇಖೆಯಲ್ಲಿ ಇಳಿಯುತ್ತದೆ, ಅದೇ ಬಗೆಯ ಸಾರ ಬಳಸುವ ಇನ್ನೊಂದು ಲ್ಯಾಬಿಗೆ ಕಳಿಸಿದರೆ ಅಲ್ಲಿಯೂ ಪಾಸಿಟಿವ್ ಬರುತ್ತದೆ. ಅಡ್ಡಿಯನ್ನು ಹುಡುಕಲು ಜೀವರಸಾಯನ ವಿಭಾಗದಲ್ಲಿ ಎಲ್ಲರೂ ಕಲಿಯುವ ದುರ್ಬಲಗೊಳಿಸುವ ತಂತ್ರ ಇಲ್ಲಿ ನಿಷ್ಪ್ರಯೋಜಕ.

ಸಂಶಯ ಮೂಡಬೇಕಾದದ್ದು ಫಲಿತಾಂಶಗಳ ಒಟ್ಟು ವಿನ್ಯಾಸದಿಂದ. ಸಸ್ಯಮೂಲದ ಹತ್ತಾರು ವಸ್ತುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಪಾಸಿಟಿವ್ ಇದ್ದು, ಹಾಲು, ಮೊಟ್ಟೆ, ಬೆಕ್ಕಿನ ಹೊಟ್ಟಿನಂಥ ಪ್ರಾಣಿಮೂಲದವು ನೆಗೆಟಿವ್ ಇದ್ದರೆ ಸಿಸಿಡಿಯನ್ನು ಮೊದಲು ನೆನೆಯಬೇಕು. ಆಗ ಸಿಸಿಡಿ ಗುರುತಿನ ಪರೀಕ್ಷೆಯೊಂದನ್ನು ಸೇರಿಸಬೇಕು. ಅನಾನಸಿನ ಬ್ರೊಮೆಲೈನ್ ಕಿಣ್ವದಿಂದ ಬೇರ್ಪಡಿಸಿದ ಎಂಯುಎಕ್ಸ್‌ಎಫ್3 ಎಂಬ ಸಕ್ಕರೆ ಸರಪಳಿಯನ್ನು ಇದಕ್ಕಾಗಿ ಬಳಸುತ್ತಾರೆ. ಕೆಲವು ವಿಧಾನಗಳಲ್ಲಿ ಮುಲ್ಲಂಗಿಯ ಸಂಬಂಧಿಯಾದ ಹಾರ್ಸ್‌ರ‍್ಯಾಡಿಶ್‌ನ ಪೆರಾಕ್ಸಿಡೇಸ್ ಬಳಸುವುದುಂಟು. ಭಾರತದ ಲ್ಯಾಬುಗಳಲ್ಲಿ ಬಳಕೆಯಲ್ಲಿರುವ, ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಅಲರ್ಜಿಕಾರಕಗಳನ್ನು ತೋರಿಸುವ ಪಟ್ಟಿಗಳಲ್ಲಿ (ಸ್ಟ್ರಿಪ್‌ಗಳಲ್ಲಿ) ಕೆಲವಕ್ಕೆ ಸಿಸಿಡಿ ಗೆರೆ ಒಳಗೇ ಇರುತ್ತದೆ. ಆ ಗೆರೆ ಗಾಢವಾಗಿ ಮೂಡಿದ್ದರೂ ವರದಿಯಲ್ಲಿ ಅದರ ಬಗ್ಗೆ ಒಂದಕ್ಷರವೂ ಇಲ್ಲದಿರುವುದನ್ನು ಕಾಣಬಹುದು. ಪಟ್ಟಿ ಕೊಟ್ಟ ಸುಳಿವನ್ನು ವರದಿ ನುಂಗಿ ಹಾಕಿದಂತೆ.

ಗುರುತಿನ ಪರೀಕ್ಷೆ ನೆಗೆಟಿವ್ ಬಂದರೆ ಹುಡುಕಾಟವನ್ನು ಬೇರೆಡೆಗೆ ತಿರುಗಿಸಬೇಕು. ಪಾಸಿಟಿವ್ ಬಂದರೆ ಸಿಸಿಡಿ ವಿರುದ್ಧದ ಐಜಿಇ ಇದೆ ಎಂದಷ್ಟೇ ಸಾಬೀತಾಗುತ್ತದೆ. ಕಡಲೆಕಾಯಿಯ ಪಾಸಿಟಿವ್ ಪೂರ್ತಿ ಅದರಿಂದಲೇ ಬಂದಿದೆ ಎಂದು ಸಾಬೀತಾಗುವುದಿಲ್ಲ. ಒಬ್ಬನೇ ರೋಗಿಗೆ ಸಿಸಿಡಿಯೂ ಇರಬಹುದು, ಪ್ರಾಣಕ್ಕೆ ಎರವಾಗುವ ಕಡಲೆಕಾಯಿ ಅಲರ್ಜಿಯೂ ಇರಬಹುದು. ಈ ಎರಡನ್ನು ಬೇರ್ಪಡಿಸಲು ಇರುವ ದಾರಿ ತಡೆ ಪರೀಕ್ಷೆ.

ತಡೆ ಪರೀಕ್ಷೆಯನ್ನು ಮಾಡುವ ಕ್ರಮ

ತಡೆ ದ್ರಾವಣವೆಂದರೆ ಬ್ರೊಮೆಲೈನ್‌ನ ಸಕ್ಕರೆ ಸರಪಳಿಗಳನ್ನು ಮಾನವ ಸೀರಂ ಆಲ್ಬ್ಯುಮಿನ್‌ನಂಥ ನಿರುಪದ್ರವಿ ಪ್ರೊಟೀನಿಗೆ ಜೋಡಿಸಿ ತಯಾರಿಸಿದ ವಸ್ತು. ವಿಯೆನ್ನಾದ ಸಂಶೋಧಕರು 2013ರಲ್ಲಿ ಇದನ್ನು ವಿವರಿಸಿದ ಮೇಲೆ ಸಿದ್ಧ ರೂಪದಲ್ಲಿ ಕೊಳ್ಳಲು ಸಿಗುತ್ತಿದೆ. ಸೀರಂಗೆ ಇದನ್ನು ಮೊದಲೇ ಬೆರೆಸಿದರೆ ಸಕ್ಕರೆ ವಿರುದ್ಧದ ಐಜಿಇ ಎಲ್ಲವೂ ದ್ರಾವಣದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಪ್ರೊಟೀನ್ ವಿರುದ್ಧದ ಐಜಿಇ ಮಾತ್ರ ಬಿಡುಗಡೆಯಾಗಿ ಉಳಿದು ಅಲರ್ಜಿಕಾರಕಕ್ಕೆ ಅಂಟುತ್ತದೆ.

ಮೊದಲು ಬೇಕಾಗುವ ಸೀರಂ ಎಷ್ಟೆಂದು ಲೆಕ್ಕ ಹಾಕಿಕೊಳ್ಳಬೇಕು. ಇಮ್ಯುನೊಕ್ಯಾಪ್ ಮಾದರಿಯ ಯಂತ್ರದಲ್ಲಿ ಪ್ರತಿ ಅಲರ್ಜಿಕಾರಕಕ್ಕೆ 40 ಮೈಕ್ರೋಲೀಟರ್ ಬೇಕಾಗುತ್ತದೆ. ಐದು ಅಲರ್ಜಿಕಾರಕಗಳನ್ನು ತಡೆ ಸಹಿತ ಮತ್ತು ತಡೆ ರಹಿತವಾಗಿ ಅಳೆಯಲು 400 ಮೈಕ್ರೋಲೀಟರ್, ಅದರ ಮೇಲೆ ಕೊಳವೆಯ ತಳದಲ್ಲಿ ಯಂತ್ರ ಎತ್ತಿಕೊಳ್ಳಲಾಗದೆ ಉಳಿಯುವ ಪ್ರಮಾಣ. ಮಕ್ಕಳ ಸ್ಯಾಂಪಲ್ಲಿನಲ್ಲಿ ಇಷ್ಟು ಸಿಗದಿದ್ದರೆ ರೋಗಿಯ ಇತಿಹಾಸಕ್ಕೆ ಮುಖ್ಯವಾದ ಎರಡೇ ಅಲರ್ಜಿಕಾರಕಗಳನ್ನು ಆರಿಸಿಕೊಳ್ಳುವುದು ಲೇಸು. ಎಲ್ಲವನ್ನೂ ಅರೆಬರೆ ಅಳೆಯುವುದರಿಂದ ಪ್ರಯೋಜನವಿಲ್ಲ.

ಸೀರಂ ಅನ್ನು ಎರಡು ಕೊಳವೆಗಳಿಗೆ ಸಮನಾಗಿ ಹಂಚಬೇಕು. ಒಂದಕ್ಕೆ ತಯಾರಕರು ಹೇಳಿದ ಅಳತೆಯ ತಡೆ ದ್ರಾವಣವನ್ನು, ಇನ್ನೊಂದಕ್ಕೆ ಅಷ್ಟೇ ಅಳತೆಯ ಬರಿಯ ಬಫರನ್ನು ಸೇರಿಸಬೇಕು. ಈ ಎರಡನೆಯ ಕೊಳವೆಯನ್ನು ಬಿಟ್ಟು, ಹಿಂದಿನ ದಿನ ಬಂದ ಫಲಿತಾಂಶದ ಜೊತೆಗೇ ಹೋಲಿಸುವ ಅಭ್ಯಾಸ ಕೆಲವೆಡೆ ಇದೆ, ಅದು ಸಲ್ಲದು. 190 ಮೈಕ್ರೋಲೀಟರ್ ಸೀರಂಗೆ 10 ಮೈಕ್ರೋಲೀಟರ್ ದ್ರಾವಣ ಸೇರಿಸಿದರೆ ದುರ್ಬಲಗೊಂಡದ್ದರಿಂದಲೇ ಶೇ. 5ರಷ್ಟು ಇಳಿಕೆ ಆಗುತ್ತದೆ, ಅದರ ಮೇಲೆ ಎರಡು ದಿನಗಳ ನಡುವಿನ ಏರಿಳಿತ ಬೇರೆ ಸೇರುತ್ತದೆ. ಕೊಳವೆಗಳನ್ನು ನೊರೆ ಬರದಂತೆ ಮೆಲ್ಲಗೆ ಕಲಸಿ, ಸೂಚಿಸಿದ ಅವಧಿಯವರೆಗೆ ಕೋಣೆಯ ತಾಪಮಾನದಲ್ಲಿ ಇಟ್ಟು, ಎರಡನ್ನೂ ಒಂದೇ ಓಟದಲ್ಲಿ, ಒಂದೇ ಲಾಟಿನ ರೀಏಜೆಂಟುಗಳಿಂದ ಅಳೆಯಬೇಕು.

ಜೊತೆಗೆ ಎರಡು ಕಂಟ್ರೋಲ್ ಸೀರಂಗಳು ಓಡಬೇಕು. ಒಂದು, ಸಿಸಿಡಿ ಪಾಸಿಟಿವ್ ಎಂದು ಮೊದಲೇ ಖಚಿತವಾಗಿರುವ ಸೀರಂ; ತಡೆ ದ್ರಾವಣ ಕೆಲಸ ಮಾಡುತ್ತಿದ್ದರೆ ಇದರ ಸಿಸಿಡಿ ಅಂಕಿ ನೆಲ ಕಚ್ಚಬೇಕು. ಇನ್ನೊಂದು, ಮನೆ ಧೂಳಿನ ನುಸಿಗೆ ನಿಜವಾದ ಅಲರ್ಜಿ ಇರುವ, ಆದರೆ ಸಿಸಿಡಿ ಇಲ್ಲದ ಸೀರಂ. ಇದರ ನುಸಿಯ ಅಂಕಿ ಕದಲಬಾರದು. ಕದಲಿದರೆ ದ್ರಾವಣ ಸಕ್ಕರೆಯನ್ನಷ್ಟೇ ಅಲ್ಲದೆ ಬೇರೇನನ್ನೋ ತಡೆಯುತ್ತಿದೆ ಎಂದರ್ಥ, ಅವತ್ತಿನ ಫಲಿತಾಂಶಗಳನ್ನೆಲ್ಲ ಬದಿಗಿಡಬೇಕು. ಈ ಎರಡನೆಯ ಕಂಟ್ರೋಲಿಗೆ ಖರ್ಚಾಗುತ್ತದೆಂದು ಕೈಬಿಡುವ ಲ್ಯಾಬುಗಳು ತಡೆ ಪರೀಕ್ಷೆಯನ್ನೇ ಮಾಡದಿರುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಲೆಕ್ಕ ಸರಳ: ಬಫರ್ ಕೊಳವೆಯ ಅಂಕಿಯಿಂದ ತಡೆ ಕೊಳವೆಯ ಅಂಕಿಯನ್ನು ಕಳೆದು, ಬಂದದ್ದನ್ನು ಬಫರ್ ಕೊಳವೆಯ ಅಂಕಿಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ತಡೆಯ ಶೇಕಡಾವಾರು ಸಿಗುತ್ತದೆ. ಉದಾಹರಣೆಗೆ ಗೋಧಿಯ ಅಂಕಿ 1.20ರಿಂದ 0.18ಕ್ಕೆ ಇಳಿದರೆ ತಡೆ ಶೇ. 85. ಈ ಪಾಸಿಟಿವ್ ಬಹುಪಾಲು ಸಕ್ಕರೆಯದು, ಉಳಿದದ್ದು 0.35ರ ಗೆರೆಯ ಕೆಳಗಿದೆ. ಅದೇ ಸೀರಂನಲ್ಲಿ ಕಡಲೆಕಾಯಿಯ ಅಂಕಿ 6.40ರಿಂದ 5.10ಕ್ಕೆ ಮಾತ್ರ ಇಳಿದರೆ ತಡೆ ಸುಮಾರು ಶೇ. 20, ಸಕ್ಕರೆಯ ಪಾಲನ್ನು ಕಳೆದ ಮೇಲೂ ಪ್ರೊಟೀನ್ ವಿರುದ್ಧದ ಐಜಿಇ ಗಣನೀಯವಾಗಿ ಉಳಿದಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಎಷ್ಟು ಶೇಕಡಾ ಇಳಿದರೆ ಸಿಸಿಡಿ ಎನ್ನಬೇಕೆಂಬ ಗಡಿಯನ್ನು ಪ್ರತಿ ಲ್ಯಾಬೂ ತನ್ನ ವಿಧಾನದ ನಿಖರತೆಯನ್ನು ನೋಡಿ ಮೊದಲೇ ಬರೆದಿಟ್ಟುಕೊಳ್ಳಬೇಕು. 0.4ರ ಸುತ್ತಮುತ್ತಲಿನ ಅಂಕಿಗಳಲ್ಲಿ ಶೇ. 10ರ ಏರಿಳಿತ ಸಹಜವಾದ್ದರಿಂದ ಅಲ್ಲಿ 0.40 ಇದ್ದದ್ದು 0.34 ಆಯಿತೆಂದು ನೆಗೆಟಿವ್ ಎಂದು ಬರೆಯುವುದು ಅಂಕಿಯ ಆಟವಾದೀತು.

ತಡೆ ದ್ರಾವಣ ಪರಿಹರಿಸದ ಅಡ್ಡ ಪ್ರತಿಕ್ರಿಯೆಗಳೂ ಇವೆ. ಪ್ರೊಫಿಲಿನ್, ಲಿಪಿಡ್ ಸಾಗಣೆ ಪ್ರೊಟೀನ್‌ಗಳಂಥ, ಅನೇಕ ಸಸ್ಯಗಳಲ್ಲಿ ಒಂದೇ ರೂಪದಲ್ಲಿರುವ ಪ್ರೊಟೀನ್‌ಗಳ ವಿರುದ್ಧ ಐಜಿಇ ಇದ್ದರೂ ವರದಿ ಹೀಗೇ ಉದ್ದವಾಗುತ್ತದೆ, ಆದರೆ ಅಲ್ಲಿ ಅಂಟುವುದು ಪ್ರೊಟೀನಿಗೆ. ಕೆಂಪು ಮಾಂಸ ತಿಂದ ಕೆಲವು ಗಂಟೆಗಳ ಬಳಿಕ ತೀವ್ರ ಪ್ರತಿಕ್ರಿಯೆ ತರುವ ಆಲ್ಫಾ-ಗ್ಯಾಲ್ ಕೂಡ ಸಕ್ಕರೆಯೇ ಆದರೂ ಅದು ಬೇರೆ ಸಕ್ಕರೆ, ಬೇರೆ ಕಥೆ. ಅದರ ವಿರುದ್ಧದ ಐಜಿಇಗೆ ರೋಗ ತರುವ ಶಕ್ತಿ ಖಂಡಿತ ಇದೆ, ಬ್ರೊಮೆಲೈನ್ ಮೂಲದ ದ್ರಾವಣ ಅದನ್ನು ತಡೆಯುವುದಿಲ್ಲ, ತಡೆಯಲೂಬಾರದು.

ತಡೆ ದ್ರಾವಣ ಕೈಗೆ ಸಿಗದಿದ್ದರೆ ಘಟಕ ಪರೀಕ್ಷೆಗಳು ಅರ್ಧ ದಾರಿಯವರೆಗೆ ಒಯ್ಯುತ್ತವೆ. ಕಡಲೆಕಾಯಿಯ ಇಡೀ ಸಾರದ ಬದಲು ಆರಾ ಎಚ್ 2 ಎಂಬ ಒಂದೇ ಪ್ರೊಟೀನನ್ನು, ಲೇಟೆಕ್ಸಿಗೆ ಹೆವ್ ಬಿ 5 ಮತ್ತು ಹೆವ್ ಬಿ 6 ಘಟಕಗಳನ್ನು ಅಳೆಯಬಹುದು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮರುಸಂಯೋಜಿತ ಘಟಕಗಳ ಮೇಲೆ ಈ ಸಕ್ಕರೆ ಇರುವುದಿಲ್ಲ. ಅಂಥ ಘಟಕಗಳ ಹೆಸರಿನ ಮುಂದೆ ‘ಆರ್’ ಎಂದಿರುತ್ತದೆ. ‘ಎನ್’ ಎಂದಿದ್ದರೆ ಅದು ಸಸ್ಯದಿಂದಲೇ ಶುದ್ಧೀಕರಿಸಿದ್ದು, ಸಕ್ಕರೆ ಜೊತೆಗೇ ಬಂದಿರಬಹುದು. ಗರಿಕೆ ಪರಾಗದ ಎನ್ ಸಿನ್ ಡಿ 1 ಇಂಥದ್ದು. ಘಟಕ ಪರೀಕ್ಷೆ ಎಂದ ಮಾತ್ರಕ್ಕೆ ಸಿಸಿಡಿಯಿಂದ ಮುಕ್ತ ಎಂದು ತಿಳಿಯುವವರಿಗೆ ಈ ಒಂದಕ್ಷರ ಬಹಳ ಕೆಲಸಕ್ಕೆ ಬರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಇಮ್ಯುನೊಕ್ಯಾಪ್‌ನ ಆಧಾರವಾದ ಸೆಲ್ಯುಲೋಸ್ ಸಸ್ಯಮೂಲದ್ದು. ಸಿಸಿಡಿ ಐಜಿಇ ಬಹಳ ಹೆಚ್ಚಿರುವವರಲ್ಲಿ ಆ ಆಧಾರಕ್ಕೇ ಐಜಿಇ ಅಂಟಿ, ಸಕ್ಕರೆಯೇ ಇಲ್ಲದ ಘಟಕಗಳಿಗೂ ಅಲ್ಪ ಪಾಸಿಟಿವ್ ಬರಬಹುದೆಂದು 2018ರಲ್ಲಿ ವರದಿಯಾಯಿತು. ಅಂಥವರಲ್ಲಿ ಘಟಕ ಪರೀಕ್ಷೆಯ ಅಲ್ಪ ಪಾಸಿಟಿವ್‌ಗಳನ್ನೂ ತಡೆ ದ್ರಾವಣದೊಂದಿಗೆ ಒಮ್ಮೆ ನೋಡಬೇಕು. ಸುಮಾರು 300 ಅಲರ್ಜಿಕಾರಕಗಳನ್ನು ಒಂದೇ ಸಲ ಅಳೆಯುವ ಅಲೆಕ್ಸ್ ಎಂಬ ವಿಧಾನದಲ್ಲಿ ಸೀರಂ ಬೆರೆಸುವ ದ್ರಾವಣದಲ್ಲೇ ಸಿಸಿಡಿ ತಡೆ ಇರುತ್ತದೆ.

ಜೇನು ಮತ್ತು ಕಣಜದ ವಿಷ

ಸಿಸಿಡಿಯನ್ನು ಬೇರ್ಪಡಿಸುವುದು ಚಿಕಿತ್ಸೆಯನ್ನೇ ಬದಲಿಸುವ ಸಂದರ್ಭ ಇದು. ಕೀಟವೊಂದು ಕಚ್ಚಿ ಅನಾಫಿಲಾಕ್ಸಿಸ್, ಅಂದರೆ ಪ್ರಾಣಾಪಾಯದ ತೀವ್ರ ಅಲರ್ಜಿ ಪ್ರತಿಕ್ರಿಯೆ, ಆದ ರೋಗಿಯ ಸೀರಂ ಜೇನಿನ ವಿಷಕ್ಕೂ ಕಣಜದ ವಿಷಕ್ಕೂ ಪಾಸಿಟಿವ್ ಬರುವುದು ಸಾಮಾನ್ಯ. ಯಾವುದಕ್ಕೆ ಚಿಕಿತ್ಸೆ ಕೊಡಬೇಕು? ಎರಡಕ್ಕೂ ಕೊಟ್ಟರೆ ವರ್ಷಗಟ್ಟಲೆ ಅನಗತ್ಯ ಚುಚ್ಚುಮದ್ದು, ತಪ್ಪಾದುದಕ್ಕೆ ಕೊಟ್ಟರೆ ರಕ್ಷಣೆಯಿಲ್ಲ. ಈ ಜೋಡಿ ಪಾಸಿಟಿವ್‌ಗಳಲ್ಲಿ ದೊಡ್ಡ ಪಾಲು ಸಿಸಿಡಿಯದು. ಆದ್ದರಿಂದ ಜೇನಿಗೆ ಎಪಿಐ ಎಂ 1, ಕಣಜಕ್ಕೆ ವೆಸ್ ವಿ 5 ಮತ್ತು ವೆಸ್ ವಿ 1 ಎಂಬ ಸಕ್ಕರೆರಹಿತ ಮರುಸಂಯೋಜಿತ ಘಟಕಗಳನ್ನು ಅಳೆದು ನಿರ್ಧರಿಸುತ್ತಾರೆ. ಆದರೆ ಜೇನಿನ ಅಲರ್ಜಿ ಇರುವ ಎಲ್ಲರಲ್ಲೂ ಎಪಿಐ ಎಂ 1 ಪಾಸಿಟಿವ್ ಇರುವುದಿಲ್ಲ. ಅದು ನೆಗೆಟಿವ್ ಇದ್ದರೆ ಎಪಿಐ ಎಂ 10ರಂಥ ಇತರ ಘಟಕಗಳನ್ನು ನೋಡದೆ ಜೇನನ್ನು ಕೈಬಿಡುವಂತಿಲ್ಲ. ನಮ್ಮಲ್ಲಿ ಇನ್ನೊಂದು ಎಚ್ಚರ ಬೇಕು. ಈ ಪರೀಕ್ಷೆಗಳ ವಿಷ ಯುರೋಪಿನ ಸಾಕು ಜೇನಿನದು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಜನರನ್ನು ಕಚ್ಚುವುದು ಹೆಚ್ಚಾಗಿ ಹೆಜ್ಜೇನು ಅಥವಾ ತುಡುವೆ. ಇವು ಒಂದೇ ಕುಲದವಾದ್ದರಿಂದ ವಿಷಗಳಲ್ಲಿ ಹೋಲಿಕೆ ಬಹಳಷ್ಟಿದ್ದರೂ, ಕಚ್ಚಿದ್ದು ಯಾವುದೆಂದು ಕೇಳಿ ಬೇಡಿಕೆ ಪತ್ರದಲ್ಲಿ ಬರೆದು ಕಳಿಸಿದರೆ ಲ್ಯಾಬಿನವರಿಗೆ ಫಲಿತಾಂಶವನ್ನು ವಿವರಿಸಲು ಅನುಕೂಲ.

ಜಾಗ ಕಸಿಯುವ ಐಜಿಜಿ

ಅಲರ್ಜಿಗೆ ಇಮ್ಯುನೊಥೆರಪಿ, ಅಂದರೆ ಅಲರ್ಜಿಕಾರಕವನ್ನೇ ಸ್ವಲ್ಪಸ್ವಲ್ಪವಾಗಿ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ, ಪಡೆಯುತ್ತಿರುವವರ ರಕ್ತದಲ್ಲಿ ಅದೇ ಅಲರ್ಜಿಕಾರಕದ ವಿರುದ್ಧ ಐಜಿಜಿ ಎಂಬ ಇನ್ನೊಂದು ವರ್ಗದ ಪ್ರತಿಕಾಯ, ವಿಶೇಷವಾಗಿ ಅದರ ಉಪವರ್ಗವಾದ ಐಜಿಜಿ4, ಏರುತ್ತದೆ. ಐಜಿಇಗಿಂತ ಎಷ್ಟೋ ಪಟ್ಟು ಹೆಚ್ಚಿರುವ ಇದು ಅಂಟುವ ಜಾಗಗಳನ್ನು ಮೊದಲೇ ತುಂಬಿಕೊಂಡು ಐಜಿಇಯನ್ನು ಹೊರಗಿಡುತ್ತದೆ, ಅಂಕಿ ಸುಳ್ಳಾಗಿ ತಗ್ಗುತ್ತದೆ. ಸೆಲ್ಯುಲೋಸ್ ಸ್ಪಂಜಿನಂಥ ಆಧಾರದ ಮೇಲೆ ಅಲರ್ಜಿಕಾರಕ ಧಾರಾಳವಾಗಿರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಚುಕ್ಕೆಯಷ್ಟೇ ಅಲರ್ಜಿಕಾರಕ ಇರುವ ಮೈಕ್ರೊಅರೇಗಳಲ್ಲಿ ಮತ್ತು ಪಟ್ಟಿಗಳಲ್ಲಿ ಹೆಚ್ಚು. ಆದ್ದರಿಂದ ಚಿಕಿತ್ಸೆಯ ಮೊದಲು ಒಂದು ವಿಧಾನದಿಂದ, ಆಮೇಲೆ ಇನ್ನೊಂದರಿಂದ ಅಳೆದು ಐಜಿಇ ಇಳಿಯಿತೆಂದು ಹೇಳುವುದು ಅಪಾಯಕಾರಿ.

ಇಲ್ಲಿ ದುರ್ಬಲಗೊಳಿಸುವ ತಂತ್ರ ಕೆಲಸ ಮಾಡುತ್ತದೆ. ಸೀರಂ ಅನ್ನು ಎರಡು, ನಾಲ್ಕು, ಎಂಟು ಪಟ್ಟು ದುರ್ಬಲಗೊಳಿಸುತ್ತ ಹೋದಂತೆ ಜಾಗಗಳು ಬಿಡುವಾಗುತ್ತವೆ. ಗುಣಿಸಿ ಸರಿಪಡಿಸಿದ ಅಂಕಿ ಮೇಲೇರುತ್ತಿದ್ದರೆ ಸ್ಪರ್ಧೆ ಇದೆ ಎಂದು ತಿಳಿಯಬೇಕು. ಆದರೆ ಮೂಲ ಅಂಕಿಯೇ 1ರ ಆಸುಪಾಸಿನಲ್ಲಿದ್ದರೆ ಎಂಟು ಪಟ್ಟಿನಲ್ಲಿ ಅದು 0.1ರ ಹತ್ತಿರ ಬಂದುಬಿಡುತ್ತದೆ, ಅದರಿಂದ ಏನನ್ನೂ ಹೇಳಲಾಗದು. ಆಗ ಉಳಿಯುವ ದಾರಿ ಪ್ರೊಟೀನ್ ಜಿ ಲೇಪಿಸಿದ ಮಣಿಗಳಿಂದ ಐಜಿಜಿಯನ್ನು ತೆಗೆದುಹಾಕಿ ಅಳೆಯುವುದು. ಇದಕ್ಕೆ ಪ್ರೊಟೀನ್ ಎ ಬಳಸಬಾರದು. ಅದು ಐಜಿಜಿ3ನ್ನು ಬಿಟ್ಟುಬಿಡುವುದಲ್ಲದೆ, ವಿಎಚ್3 ಎಂಬ ಗುಂಪಿನ ಐಜಿಇಗಳನ್ನೂ ಹಿಡಿದು ಎಳೆದುಕೊಂಡು ಹೋಗುತ್ತದೆ, ಯಾವುದನ್ನು ಅಳೆಯಬೇಕೋ ಅದೇ ಕಳೆದುಹೋಗುತ್ತದೆ. ಮಣಿಗಳಿಂದ ಹೊರಬಂದ ಸೀರಂನಲ್ಲಿ ಒಟ್ಟು ಐಜಿಇಯನ್ನು ಅಳೆದು ಅದು ಉಳಿದಿದೆಯೇ ಎಂದೂ, ಐಜಿಜಿಯನ್ನು ಅಳೆದು ಅದು ನಿಜಕ್ಕೂ ಹೋಗಿದೆಯೇ ಎಂದೂ ಖಚಿತಪಡಿಸಿಕೊಂಡ ಮೇಲೆಯೇ ಅಂಕಿಯನ್ನು ನಂಬಬೇಕು. ಬೇರೆ ಹಾರ್ಮೋನು ಪರೀಕ್ಷೆಗಳಲ್ಲಿ ಬಳಸುವ ಪಾಲಿಎಥಿಲೀನ್ ಗ್ಲೈಕಾಲ್ ಅವಕ್ಷೇಪನವನ್ನು ಇಲ್ಲಿ ಎರವಲು ತರಬಾರದು, ಏಕೆಂದರೆ ಅಡ್ಡಿ ಮಾಡುವುದೂ ಅಳೆಯಬೇಕಾದದ್ದೂ ಎರಡೂ ಇಮ್ಯುನೊಗ್ಲಾಬ್ಯುಲಿನ್‌ಗಳೇ ಆಗಿದ್ದು, ಎರಡೂ ಒಟ್ಟಿಗೆ ತಳ ಸೇರುವ ಸಂಭವವಿದೆ.

ಆಹಾರಗಳ ವಿರುದ್ಧದ ಐಜಿಜಿಯನ್ನೇ ಅಳೆದು ‘ಆಹಾರ ಅಸಹಿಷ್ಣುತೆ’ ಎಂದು ಉದ್ದದ ಪಟ್ಟಿ ಕೊಡುವ ಪ್ಯಾಕೇಜುಗಳಿಗೂ ಇದಕ್ಕೂ ಸಂಬಂಧವಿಲ್ಲ. ಆಹಾರದ ವಿರುದ್ಧ ಐಜಿಜಿ4 ಇರುವುದು ತಿಂದದ್ದರ ಗುರುತು. ಅದನ್ನು ರೋಗನಿರ್ಣಯಕ್ಕೆ ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ.

ಪ್ರಾಣಿ ಪ್ರತಿಕಾಯಗಳನ್ನು ಹಿಡಿಯುವ ಪ್ರತಿಕಾಯಗಳು

ಇಲಿ, ಮೇಕೆ ಮೊದಲಾದ ಪ್ರಾಣಿಗಳ ಪ್ರತಿಕಾಯಗಳನ್ನು ಹಿಡಿಯಬಲ್ಲ ಹೆಟೆರೊಫಿಲ್ ಪ್ರತಿಕಾಯಗಳು ಕೆಲವರ ರಕ್ತದಲ್ಲಿರುತ್ತವೆ. ಕಿಟ್‌ಗಳು ಇಂಥ ಪ್ರಾಣಿಗಳ ಪ್ರತಿಕಾಯಗಳಿಂದಲೇ ತಯಾರಾಗುವುದರಿಂದ, ಕೆಳಗೊಂದು ಮೇಲೊಂದು ಪ್ರತಿಕಾಯವಿರುವ ಪರೀಕ್ಷೆಗಳಲ್ಲಿ ಇವು ನಡುವೆ ಸೇತುವೆಯಾಗಿ ನಿಂತು ಇಲ್ಲದ ವಸ್ತುವನ್ನು ಇದೆಯೆಂದು ತೋರಿಸುತ್ತವೆ. ನಿರ್ದಿಷ್ಟ ಐಜಿಇ ಪರೀಕ್ಷೆಯಲ್ಲಿ ಕೆಳಗಿರುವುದು ಪ್ರತಿಕಾಯವಲ್ಲ, ಅಲರ್ಜಿಕಾರಕ. ಹಾಗಾಗಿ ಅಲ್ಲಿ ಈ ಸೇತುವೆಗೆ ಅವಕಾಶ ಕಡಿಮೆ. ಒಟ್ಟು ಐಜಿಇ ಪರೀಕ್ಷೆಯಲ್ಲಿ ಮತ್ತು ಮಾಸ್ಟ್ ಕೋಶಗಳು ಬಿಡುವ ಟ್ರಿಪ್ಟೇಸ್ ಎಂಬ ಕಿಣ್ವದ ಪರೀಕ್ಷೆಯಲ್ಲಿ ಮಾತ್ರ ಈ ಅಪಾಯ ನಿಜ. ಅನಾಫಿಲಾಕ್ಸಿಸ್ ಆಗಲಿ, ಮಾಸ್ಟ್ ಕೋಶಗಳು ಅತಿಯಾಗುವ ಮಾಸ್ಟೊಸೈಟೋಸಿಸ್ ರೋಗವಾಗಲಿ ಇಲ್ಲದವರಲ್ಲಿ ಟ್ರಿಪ್ಟೇಸ್ ಹೆಚ್ಚಿದ್ದುದಕ್ಕೆ ಹೆಟೆರೊಫಿಲ್ ಪ್ರತಿಕಾಯಗಳೇ ಕಾರಣವಾಗಿದ್ದ ಪ್ರಕರಣಗಳು ಬ್ರಿಟನ್ನಿನಿಂದ 2011ರಲ್ಲಿ ವರದಿಯಾದವು. ಟ್ರಿಪ್ಟೇಸ್ ಅಂಕಿ ಕಾರಣವಿಲ್ಲದೆ ಹೆಚ್ಚಿದ್ದು, ಮೂಳೆ ಮಜ್ಜೆಯ ಪರೀಕ್ಷೆಯ ಮಾತು ಬರುತ್ತಿದ್ದರೆ, ಅದಕ್ಕೂ ಮೊದಲು ಹೆಟೆರೊಫಿಲ್ ಪ್ರತಿಕಾಯಗಳನ್ನು ಹಿಡಿದಿಡುವ ವಸ್ತುವಿರುವ ತಡೆ ಕೊಳವೆಯಲ್ಲಿ ಸೀರಂ ಇಟ್ಟು ಮತ್ತೆ ಅಳೆಯುವುದು ರೋಗಿಗೆ ಮಾಡುವ ಉಪಕಾರ. ಇಲ್ಲಿಯೂ ತಡೆಯಿಲ್ಲದ ಕೊಳವೆ ಜೊತೆಗಿರಬೇಕು, ದುರ್ಬಲಗೊಳಿಸಿದ ಅಂಕಿಗಳನ್ನೂ ನೋಡಬೇಕು. ತಡೆ ಕೊಳವೆ ಎಲ್ಲ ಹೆಟೆರೊಫಿಲ್ ಪ್ರತಿಕಾಯಗಳನ್ನೂ ಹಿಡಿಯುವುದಿಲ್ಲವಾದ್ದರಿಂದ ಅಂಕಿ ಇಳಿಯದಿದ್ದರೆ ಅಡ್ಡಿ ಇಲ್ಲವೆಂದು ಸಾಬೀತಾದಂತಲ್ಲ. ಬೇರೆ ಪ್ರಾಣಿಯ ಪ್ರತಿಕಾಯ ಬಳಸುವ ಇನ್ನೊಂದು ವಿಧಾನದಲ್ಲಿ ಅಳೆಯಬೇಕು. ಐಜಿಜಿಯನ್ನೇ ಹಿಡಿಯುವ ರೂಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಹೆಚ್ಚಿರುವವರಲ್ಲಿಯೂ ಇದೇ ಎಚ್ಚರ ಸಲ್ಲುತ್ತದೆ.

ಔಷಧವಾಗಿ ಕೊಟ್ಟ ಪ್ರತಿಕಾಯ, ಅತಿಯಾದ ಐಜಿಇ

ತೀವ್ರ ಆಸ್ತಮಾ ಮತ್ತು ದೀರ್ಘಕಾಲದ ದದ್ದಿಗೆ ಕೊಡುವ ಒಮಾಲಿಜುಮ್ಯಾಬ್ ತಾನೇ ಐಜಿಇ ವಿರುದ್ಧದ ಪ್ರತಿಕಾಯ. ಅದು ಐಜಿಇಯನ್ನು ಹಿಡಿದು ಕಟ್ಟಿದ ಸಂಕೀರ್ಣಗಳು ರಕ್ತದಿಂದ ನಿಧಾನವಾಗಿ ಹೊರಹೋಗುವುದರಿಂದ, ಔಷಧ ಕೆಲಸ ಮಾಡುತ್ತಿರುವಾಗಲೇ ಒಟ್ಟು ಐಜಿಇಯ ಅಂಕಿ ಹಲವು ಪಟ್ಟು ಏರುತ್ತದೆ, ಔಷಧ ನಿಲ್ಲಿಸಿದ ಮೇಲೂ ಒಂದು ವರ್ಷದವರೆಗೆ ಏರಿಕೆ ಉಳಿಯಬಹುದು. ಆ ಅಂಕಿಯನ್ನು ನೋಡಿ ಡೋಸ್ ಬದಲಿಸಬಾರದೆಂದು ಔಷಧದ ಸೂಚನೆಯಲ್ಲೇ ಇದೆ. ಇದಕ್ಕೆ ಲ್ಯಾಬಿನಲ್ಲಿ ಪರಿಹಾರವಿಲ್ಲ. ಬೇಕಾದ ಐಜಿಇ ಪರೀಕ್ಷೆಗಳನ್ನೆಲ್ಲ ಮೊದಲ ಚುಚ್ಚುಮದ್ದಿನ ಮುನ್ನವೇ ಮಾಡಿಸುವುದೊಂದೇ ದಾರಿ, ಬೇಡಿಕೆ ಪತ್ರದಲ್ಲಿ ಈ ಔಷಧದ ಹೆಸರಿಗೆ ಒಂದು ಖಾನೆ ಇರಬೇಕು. ಸಿಟ್ರಿಜಿನ್‌ನಂಥ ಮಾತ್ರೆಗಳು ಚರ್ಮದ ಪರೀಕ್ಷೆಯನ್ನು ಕೆಡಿಸುತ್ತವೆಯೇ ಹೊರತು ರಕ್ತಪರೀಕ್ಷೆಯನ್ನಲ್ಲ. ಅವನ್ನು ನಿಲ್ಲಿಸುವ ಅಗತ್ಯವಿಲ್ಲ. ಕೂದಲು, ಉಗುರಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ನುಂಗುವವರನ್ನು ಮಾತ್ರ, ಲ್ಯಾಬಿನ ವಿಧಾನ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಣೆಯದಾಗಿದ್ದರೆ, ಕೇಳಿ ತಿಳಿದುಕೊಳ್ಳಬೇಕು.

ಒಟ್ಟು ಐಜಿಇ ಸಾವಿರಗಟ್ಟಲೆ ಇರುವವರಲ್ಲಿ, ಅಂದರೆ ತೀವ್ರ ಎಕ್ಸಿಮಾ, ಜಂತುಹುಳು, ಶ್ವಾಸಕೋಶದ ಆಸ್ಪರ್ಜಿಲಸ್ ಅಲರ್ಜಿ ಅಥವಾ ಫೈಲೇರಿಯಾ ಸಂಬಂಧಿ ಇಯೊಸಿನೊಫಿಲಿಯಾ ಇರುವವರಲ್ಲಿ, ಅಲ್ಪಸ್ವಲ್ಪ ಅನಿರ್ದಿಷ್ಟ ಅಂಟುವಿಕೆಯಿಂದಲೂ ಅನೇಕ ಅಲರ್ಜಿಕಾರಕಗಳಿಗೆ 0.35ರಿಂದ 1ರವರೆಗಿನ ಅಂಕಿಗಳು ಬರುತ್ತವೆ. ಇದು ನಮ್ಮ ದೇಶದಲ್ಲಿ ಅಪರೂಪವಲ್ಲ. ನಿರ್ದಿಷ್ಟ ಐಜಿಇಯ ಜೊತೆಗೆ ಒಟ್ಟು ಐಜಿಇಯನ್ನೂ ಅಳೆಯುವ ಪದ್ಧತಿ ಇದ್ದರೆ ಇಂಥ ಅಂಕಿಗಳಿಗೆ ಎಷ್ಟು ತೂಕ ಕೊಡಬೇಕೆಂಬುದು ವೈದ್ಯರಿಗೆ ತಿಳಿಯುತ್ತದೆ. ಜಂತುಹುಳುವಿನ ಟ್ರೋಪೊಮಯೋಸಿನ್ ಎಂಬ ಪ್ರೊಟೀನ್ ನುಸಿ, ಜಿರಲೆ ಮತ್ತು ಸೀಗಡಿಯದನ್ನು ಹೋಲುವುದರಿಂದ ಸೀಗಡಿಯ ಪಾಸಿಟಿವ್ ಬಂದಾಗ ಇದನ್ನೂ ನೆನಪಿಟ್ಟುಕೊಳ್ಳಬೇಕು. ಇದು ಪ್ರೊಟೀನಿನ ಹೋಲಿಕೆ, ಸಿಸಿಡಿ ತಡೆ ಇದನ್ನು ಮುಟ್ಟುವುದಿಲ್ಲ.

ವರದಿಯಲ್ಲಿ ಬರೆಯುವುದು

ತಡೆ ಪರೀಕ್ಷೆ ಮಾಡಿದ ಮೇಲೆ ಮೂಲ ಅಂಕಿಯನ್ನು ಅಳಿಸಿ ಹೊಸದನ್ನು ಮಾತ್ರ ಕೊಡಬಾರದು. ಎರಡೂ ಅಂಕಿಗಳು, ತಡೆಯ ಶೇಕಡಾವಾರು, ಸಿಸಿಡಿ ಗುರುತಿನ ಅಂಕಿ ಇವು ವರದಿಯಲ್ಲಿ ಇರಬೇಕು, ಕೆಳಗೆ ಟಿಪ್ಪಣಿಯೊಂದು ಬೇಕು. ಅದು ಹೀಗಿರಬಹುದು: ‘ಗೋಧಿ ಮತ್ತು ಲೇಟೆಕ್ಸ್ ಸಾರಗಳಿಗೆ ಕಂಡ ಐಜಿಇ ಬಹುಪಾಲು ಸಸ್ಯಗಳ ಸಕ್ಕರೆ ಗುರುತುಗಳ ವಿರುದ್ಧದ್ದು. ಕಡಲೆಕಾಯಿಗೆ ತಡೆಯ ಬಳಿಕವೂ ಐಜಿಇ ಉಳಿದಿದೆ. ಆರಾ ಎಚ್ 2 ಪರೀಕ್ಷೆಯನ್ನು ಸೂಚಿಸಲಾಗಿದೆ. ರೋಗಿಯ ಇತಿಹಾಸದೊಂದಿಗೆ ಹೊಂದಿಸಿ ನೋಡಬೇಕು.’ ರೋಗಿಗೆ ‘ಇದನ್ನು ತಿನ್ನಬಹುದು’ ಎಂದು ಲ್ಯಾಬು ಹೇಳುವುದು ಸರಿಯಲ್ಲ. ಹಿಂದೆ ತೀವ್ರ ಪ್ರತಿಕ್ರಿಯೆ ಆಗಿದ್ದವರಿಗೆ ಆ ಆಹಾರವನ್ನು ಮತ್ತೆ ಕೊಡುವುದು ಆಸ್ಪತ್ರೆಯಲ್ಲಿ, ಅಡ್ರಿನಲಿನ್ ಕೈಗೆಟುಕುವಂತೆ ಇಟ್ಟುಕೊಂಡು, ತಜ್ಞ ವೈದ್ಯರೇ ಮಾಡಬೇಕಾದ ಕೆಲಸ.

ಐಎಸ್‌ಒ 15189 ಎಂಬ ವೈದ್ಯಕೀಯ ಲ್ಯಾಬುಗಳ ಅಂತರರಾಷ್ಟ್ರೀಯ ಮಾನದಂಡದಂತೆ ಭಾರತದ ಮಾನ್ಯತಾ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಪಡೆದ ಲ್ಯಾಬುಗಳಲ್ಲಿ ಯಂತ್ರದ ತಯಾರಕರು ಹೇಳದ ತಡೆ ದ್ರಾವಣವನ್ನು ಸೇರಿಸುವುದು ವಿಧಾನದ ಬದಲಾವಣೆ ಎಂದೇ ಎಣಿಕೆಯಾಗುತ್ತದೆ, ಅದನ್ನು ಲ್ಯಾಬು ಸ್ವತಃ ಪರಿಶೀಲಿಸಿ ದಾಖಲಿಸಿರಬೇಕು. ಅಡ್ಡಿ ಪರೀಕ್ಷೆಗಳಿಗೆ ಲ್ಯಾಬು ಮಾನದಂಡಗಳನ್ನು ರೂಪಿಸುವ ಸಿಎಲ್‌ಎಸ್‌ಐ ಸಂಸ್ಥೆಯ ಇಪಿ07, ನಿರ್ದಿಷ್ಟ ಐಜಿಇ ಪರೀಕ್ಷೆಗಳಿಗೆ ಅದರದೇ ಐ/ಎಲ್‌ಎ20 ಮಾರ್ಗಸೂಚಿಗಳು ಆಧಾರವಾಗುತ್ತವೆ. ತಡೆ ದ್ರಾವಣದ ಹೊಸ ಲಾಟ್ ಬಂದಾಗಲೆಲ್ಲ ಹಳೆಯ ಲಾಟಿನೊಂದಿಗೆ ಅದೇ ಎರಡು ಕಂಟ್ರೋಲ್ ಸೀರಂಗಳನ್ನು ಓಡಿಸಿ ಹೋಲಿಸಬೇಕು. ಇದಕ್ಕಾಗಿ ಸಿಸಿಡಿ ಪಾಸಿಟಿವ್ ಬಂದ ಸೀರಂಗಳಲ್ಲಿ ಮಿಕ್ಕಿದ್ದನ್ನು, ನೈತಿಕ ಸಮಿತಿಯ ಅನುಮತಿಯಿದ್ದರೆ, ಹೆಸರು ತೆಗೆದು, 100 ಮೈಕ್ರೋಲೀಟರ್‌ನಂತೆ ಸಣ್ಣ ಕೊಳವೆಗಳಲ್ಲಿ ಹಂಚಿ, ಪದೇಪದೇ ಕರಗಿಸಿ ಹೆಪ್ಪುಗಟ್ಟಿಸುವ ಪ್ರಮೇಯ ಬಾರದಂತೆ ಮೈನಸ್ 20 ಡಿಗ್ರಿಯಲ್ಲಿಯೋ ಅದಕ್ಕೂ ತಣ್ಣಗೋ ಇಟ್ಟುಕೊಳ್ಳಬೇಕು.